ಅಕ್ಕನ ಆಣೆವಾರಿ

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಆ ಶೇಕದಾರ ಸತ್ತು ಬಹಳ ಕಾಲವಾಯಿತು. ಆದರೂ ಆಡುತ್ತೇನೆ. ವಯಸ್ಸಿನಲ್ಲಿ ನಮ್ಮ ಅಪ್ಪನಿಗಿಂತ ಹಿರಿಯ, ಅವರು ಇವರು ಅಂತ ಬಹುವಚನ ಹಚ್ಚಬೇಕಿತ್ತು. ಅದನ್ನೂ ಹಚ್ಚುವುದಿಲ್ಲ. ನನಗೆ ಮರೆವು ಕಡಿಮೆ, ಕ್ಷಮೆ ಅದಕ್ಕಿಂತ ಕಡಿಮೆ. ನನ್ನ ಹೆಂಡತಿ ಇದನ್ನು ಒಂದು ಕಾಯಿಲೆ ಅನ್ನುತ್ತಾಳೆ. ಇರಲಿ, ನನ್ನ ವಯಸ್ಸಿನವರಿಗೆಲ್ಲ ಸಕ್ಕರೆ ಕಾಯಿಲೆ ಇದೆ, ನನಗೆ ಇದು ಇದೆ.

ಆಗ ನಾವಿದ್ದದ್ದು ಹರಿಹರದಲ್ಲಿ, ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ. ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು, ನಾಲ್ಕೇ ಜನ. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ನೋಡೋಕೆ ಹೇಗಿದ್ದಳು ಅಂತ ನನ್ನನ್ನು ಕೇಳಬೇಡಿ, ಅಕ್ಕ ಅಕ್ಕನ ಹಾಗೆ ಇದ್ದಳು. ಒಲೆಯ ಮುಂದೆ ಕೂತೇ ಬರುತ್ತಿರುವುದು ಗೂಡ್ಸೋ ಪ್ಯಾಸೆಂಜರೋ ಅಂತ ಸದ್ದಿನಲ್ಲಿ ಹೇಳುತ್ತಿದ್ದಳು. ನಕ್ಕರೆ ಪಕ್ಕದ ಮನೆಯವರಿಗೂ ಕೇಳಿಸುತ್ತಿತ್ತು, ಅದಕ್ಕೆ ಅವ್ವನಿಂದ ಬೈಸಿಕೊಳ್ಳುತ್ತಿದ್ದಳು.

ಅವಳನ್ನು ನೋಡಲು ದಾವಣಗೆರೆಯ ಹತ್ತಿಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ ಹುಡುಗನ ಕಡೆಯವರು ಬಂದರು. ಹುಡುಗ ತಲೆ ಎತ್ತಲಿಲ್ಲ, ಅವನ ಅಪ್ಪ ಬಾಯಿ ಬಿಡಲಿಲ್ಲ. ಮಾತಾಡಿದ್ದೆಲ್ಲ ಹುಡುಗನ ದೊಡ್ಡಪ್ಪ. ಅವನೇ ಈ ಶೇಕದಾರ. ಈಗಿನವರಿಗೆ ಶೇಕದಾರ ಅಂದರೆ ಗೊತ್ತಾಗಲಿಕ್ಕಿಲ್ಲ. ಅಮಲ್ದಾರರ ಕೈಕೆಳಗೆ ಹತ್ತಾರು ಹಳ್ಳಿಗಳ ಕಂದಾಯ, ಹೊಲ, ಬೆಳೆ ಎಲ್ಲವನ್ನೂ ನೋಡಿಕೊಳ್ಳುವ ಅಧಿಕಾರಿ. ಇವನ ಹೆಚ್ಚುಗಾರಿಕೆ ಅಂದರೆ ಆಣೆವಾರಿ. ಆಗ ರೂಪಾಯಿಗೆ ಹದಿನಾರು ಆಣೆ. ಪೂರಾ ಬೆಳೆ ಬಂದರೆ ಹದಿನಾರಾಣೆ ಬೆಳೆ ಅಂತ ಲೆಕ್ಕ. ಈ ವರ್ಷ ಎಂಟಾಣೆ ಬಂದಿದೆಯೋ ಹನ್ನೆರಡಾಣೆ ಬಂದಿದೆಯೋ ಅಂತ ಬದುವಿನ ಮೇಲೆ ನಿಂತು ಕಣ್ಣಳತೆಯಲ್ಲೇ ಹೇಳುವುದಕ್ಕೆ ಆಣೆವಾರಿ ಅನ್ನುತ್ತಿದ್ದರು. ಅಳೆಯುವಂತಿಲ್ಲ, ತೂಗುವಂತಿಲ್ಲ, ಸಾಹೇಬರು ಹೇಳಿದ್ದೇ ಬೆಳೆ. ಇವನು ಒಮ್ಮೆ ಕಣ್ಣು ಹಾಯಿಸಿದರೆ ಸಾಕು ಅಂತ ಸುತ್ತಲಿನ ಹಳ್ಳಿಗಳಲ್ಲಿ ಹೆಸರಾಗಿದ್ದ.

ಅಕ್ಕ ಅಡುಗೆಮನೆಯಿಂದ ಕೇಸರಿಬಾತಿನ ತಟ್ಟೆ ಹಿಡಿದು ಪಡಸಾಲೆಗೆ ಬಂದಳು, ಕೊಟ್ಟಳು, ಒಳಗೆ ಹೋದಳು. ಇವನು ಒಮ್ಮೆ ಕಣ್ಣು ಹಾಯಿಸಿದ. ಹೆಸರೇನು ಅಂತಲೂ ಕೇಳಲಿಲ್ಲ. ತಟ್ಟೆ ಮಾತ್ರ ಬಳಿದು ಖಾಲಿ ಮಾಡಿದ. ಆಮೇಲೆ ಜಗಲಿಗೆ ಬಂದು ಮೆಟ್ಟು ಮೆಟ್ಟಿಕೊಳ್ಳುತ್ತ, ಎದುರು ಜಗಲಿಯಲ್ಲಿ ಕೂತಿದ್ದವರಿಗೂ ಕೇಳಲಿ ಅಂತಲೇ ಗಂಟಲು ಎತ್ತರಿಸಿ ಅಪ್ಪನಿಗೆ ಹೇಳಿದ:

"ಬೆಳೆ ಹತ್ತಾಣೆ ಐತೆ ನೋಡ್ರಿ. ನಮ್ಮ ಹುಡುಗನಿಗೆ ಹದಿನಾಲ್ಕಾಣೆನಾದ್ರೂ ಬ್ಯಾಡೇನ್ರಿ?"

ಎದುರು ಜಗಲಿಯವರು ನಕ್ಕರು. ಅಪ್ಪನೂ ನಕ್ಕ. ಅಧಿಕಾರಿ ಆಡಿದ್ದು ತಮಾಷೆ ಇರಬೇಕು ಅಂತ ನಕ್ಕ, ಪಾಪ, ಅವನಿಗೆ ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆ ಅಕ್ಕ ನಿಂತಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ಈ ಮಾತು ಹೋಗಲಿಲ್ಲ, ನಮ್ಮ ಓಣಿಯಲ್ಲೇ ಮನೆ ಮಾಡಿತು. ವಾರದೊಳಗೆ ಅಕ್ಕ "ಹತ್ತಾಣೆ" ಆದಳು. ನಲ್ಲಿಯ ಹತ್ತಿರ ಹೆಂಗಸರು ಕೊಡ ಸಾಲಿಗಿಟ್ಟು, "ಹತ್ತಾಣೆ ಬಂದ್ಲು, ಜಾಗ ಬಿಡ್ರೇ" ಅನ್ನುತ್ತಿದ್ದರು. ಅವರಿಗೆ ಅದು ಬರೀ ಸಲಿಗೆ. ಮುಂದೆ ಬಂದ ಗಂಡಿನ ಕಡೆಯವರು ಚಾಪೆ ಮೇಲೆ ಕೂರುವ ಮೊದಲೇ, "ಶೇಕದಾರ್ರು ಹತ್ತಾಣೆ ಅಂದಿದ್ದು ಇದೇ ಮನೀನಾ?" ಅಂತ ಕೇಳಿದರು. ಆಮೇಲಿನವರು ಅಷ್ಟನ್ನೂ ಕೇಳದೆ ಬರುವುದನ್ನೇ ನಿಲ್ಲಿಸಿದರು. ಅನುಭವಸ್ಥ ಅಧಿಕಾರಿ ಒಂದು ಬೆಲೆ ಕಟ್ಟಿದ ಮೇಲೆ ತಾವು ಯಾಕೆ ಹೆಚ್ಚು ಕೊಟ್ಟು ಮೋಸ ಹೋಗಬೇಕು ಅಂತ ಲೆಕ್ಕ ಹಾಕಿದರೋ ಏನೋ.

ನನಗೆ ನೆನಪಿರುವುದು ಇನ್ನೊಂದು. ಅಕ್ಕ ಗೋಡೆಯ ಸಣ್ಣ ಕನ್ನಡಿಯ ಮುಂದೆ ನಿಂತು ಮುಖವನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. ಏನು ಹುಡುಕುತ್ತಿದ್ದೀಯ ಅಂತ ಕೇಳಿದೆ.

"ಉಳಿದ ಆರಾಣೆ ಎಲ್ಲಿ ಹೋತು ಅಂತ ನೋಡಾಕತ್ತೀನಿ ಕಣೋ. ಮೂಗಿನಾಗೋ, ಬಣ್ಣದಾಗೋ? ಅದನ್ನಾದ್ರೂ ಹೇಳಿದ್ರೆ ಚೆನ್ನಾಗಿತ್ತು."

ನಗುತ್ತಲೇ ಹೇಳಿದಳು. ಆದರೆ ಆ ನಗು ಪಕ್ಕದ ಮನೆಗೆ ಕೇಳಿಸುವಂಥದ್ದಲ್ಲ. ನಾನು ಅವತ್ತು ಹೊಳೆಯ ಕಡೆ ಹೋಗಿ ಕೂತು, ಆ ಶೇಕದಾರನನ್ನು ಸೇತುವೆಯ ಮೇಲಿಂದ ತುಂಗಭದ್ರೆಗೆ ನೂಕುವುದು ಹೇಗೆ ಅಂತ ಯೋಚಿಸಿದೆ. ಅವನಿಗೆ ಈಜು ಬರುತ್ತದೆಯೋ ಇಲ್ಲವೋ ಅನ್ನುವುದೊಂದೇ ತೊಡಕಾಗಿ ಕಂಡಿತು.

ಅಷ್ಟರಲ್ಲಿ ನಯಾಪೈಸೆ ಬಂತು. ಹಳೆಯ ಆಣೆಗೆ ಹೊಸ ಪೈಸೆ ಎಷ್ಟು ಅಂತ ತೋರಿಸುವ ಹಲಗೆಯೊಂದನ್ನು ಓಣಿಯ ತುದಿಯ ಕಿರಾಣಿ ಅಂಗಡಿಯವನು ಬಾಗಿಲಿಗೆ ತೂಗುಹಾಕಿದ. ಅಕ್ಕ ಬೆಲ್ಲ ತರಲು ಹೋಗಿದ್ದಾಳೆ. ಅಂಗಡಿಯ ಕಟ್ಟೆಯ ಮೇಲೆ ಕೂತವನೊಬ್ಬ ಹಲಗೆ ನೋಡಿ, "ಹತ್ತಾಣೆ ಅಂದ್ರೆ ಅರವತ್ತೆರಡು ನಯಾಪೈಸೆ" ಅಂದ. ಇನ್ನೊಬ್ಬ, "ಅರವತ್ತೆರಡೂವರೆ ಆಗ್ಬೇಕು, ಅರ್ಧ ಪೈಸೆ ಯಾಕ ಬಿಡಬೇಕು?" ಅಂದ. ನನ್ನ ಅಕ್ಕನನ್ನು ಮುಂದೆ ನಿಲ್ಲಿಸಿಕೊಂಡು ಅರ್ಧ ಪೈಸೆಗೆ ವಾದ ನಡೆಯಿತು. ಅಕ್ಕ ಬೆಲ್ಲ ತರದೆ ವಾಪಸು ಬಂದಳು. ಅಂದಿನಿಂದ ಹುಡುಗರ ಬಾಯಲ್ಲಿ ಹತ್ತಾಣೆ ಹೋಗಿ ಅರವತ್ತೆರಡು ಬಂತು. ದೇಶಕ್ಕೆ ಹೊಸ ನಾಣ್ಯ ಬಂದದ್ದು ನಮ್ಮ ಮನೆಗೆ ತಲುಪಿದ್ದು ಹೀಗೆ.

ನಾನು ದಾವಣಗೆರೆಯ ಕಾಲೇಜು ಸೇರಿದೆ. ಬೆಳಿಗ್ಗೆ ರೈಲು ಹತ್ತುವುದು, ಸಂಜೆ ಇಳಿಯುವುದು. ಅರ್ಥಶಾಸ್ತ್ರದ ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ವಿಷಯವಿತ್ತು. ಅದರ ಮೇಷ್ಟ್ರು ಮೈಸೂರು ಕಡೆಯವರು. ಪುಸ್ತಕದಲ್ಲಿದ್ದದ್ದನ್ನು ಇಂಗ್ಲಿಷಿನಲ್ಲಿ ಬರೆಸಿ, ಪುಸ್ತಕ ಮುಚ್ಚಿದ ಮೇಲೆ ಕನ್ನಡದಲ್ಲಿ ಪಾಠ ಶುರು ಮಾಡುತ್ತಿದ್ದರು. ಒಂದು ದಿನ ಅಂಕಿಗಳಲ್ಲಿ ಎಷ್ಟು ಬಗೆ ಅನ್ನುವ ಪಾಠ.

ಹಿಂದಿನ ಬೆಂಚಿನ ದಢೂತಿ ಹುಡುಗನೊಬ್ಬನನ್ನು ಎಬ್ಬಿಸಿದರು. "ನಿನ್ನ ರೋಲ್ ನಂಬರು ಎಷ್ಟಪ್ಪ?" "ಇಪ್ಪತ್ತು ಸಾರ್." ಮುಂದಿನ ಬೆಂಚಿನ ನರಪೇತಲನೊಬ್ಬನನ್ನು ಕೇಳಿದರೆ ಹತ್ತು ಅಂದ. "ಹಾಗಾದ್ರೆ ನೀನು ಇವನ ಎರಡರಷ್ಟು ಅಲ್ವೇ?" ನಾವೆಲ್ಲ ನಕ್ಕೆವು, ನೋಡೋಕೆ ಅವನು ಎರಡರಷ್ಟೇ ಇದ್ದ. ಮೇಷ್ಟ್ರೂ ನಕ್ಕು, "ಇದು ಹೆಸರಿನ ಅಂಕಿ. ಗುರುತಿಗೆ ಮಾತ್ರ. ಕೂಡಿಸೋಕೂ ಬರಲ್ಲ, ಕಳೆಯೋಕೂ ಬರಲ್ಲ" ಅಂದರು. ಓಟದಲ್ಲಿ ಮೊದಲು ಬಂದವನು, ಎರಡನೆಯವನು, ಮೂರನೆಯವನು ಅನ್ನುವುದು ಸಾಲಿನ ಅಂಕಿ. ಯಾರು ಮುಂದೆ ಯಾರು ಹಿಂದೆ ಅಂತ ಅದು ಹೇಳುತ್ತದೆ, ಎಷ್ಟು ಮುಂದೆ ಅಂತ ಹೇಳುವುದಿಲ್ಲ. ಕೂದಲೆಳೆಯಷ್ಟೂ ಇರಬಹುದು, ಒಂದು ಫರ್ಲಾಂಗೂ ಇರಬಹುದು. ಜೋಳದ ಚೀಲದ ತೂಕ ಮಾತ್ರ ಅಳತೆಯ ಅಂಕಿ. ಅಲ್ಲಿ ಎರಡರಷ್ಟು ಅಂದರೆ ಎರಡರಷ್ಟೇ, ಸೊನ್ನೆ ಅಂದರೆ ಏನೂ ಇಲ್ಲ.

"ನಮ್ಮ ಕಂದಾಯದವರ ಆಣೆವಾರಿ ಇದೆಯಲ್ಲ," ಅಂದರು ಮೇಷ್ಟ್ರು, "ಅದು ಸಾಲಿನ ಅಂಕಿ. ಹತ್ತಾಣೆ ಬೆಳೆ ಎಂಟಾಣೆಗಿಂತ ಚೆನ್ನಾಗಿದೆ ಅಂತ ಒಬ್ಬ ಮನುಷ್ಯನ ಕಣ್ಣಿಗೆ ಕಂಡಿದೆ, ಅಷ್ಟೇ. ತೂಗಿ ನೋಡಿದ್ದಲ್ಲ."

ನಾನು ಎದ್ದು ನಿಂತೆ. "ಸಾರ್, ಮನುಷ್ಯರಿಗೆ ಆಣೆ ಹಾಕಬಹುದಾ?"

"ಪರೀಕ್ಷೇಲಿ ನಿನಗೆ ನಾನು ಮಾರ್ಕ್ಸ್ ಹಾಕಲ್ವೇನಪ್ಪ?" ಅಂದರು. ತರಗತಿಗೆ ತರಗತಿಯೇ ನಕ್ಕಿತು. ನಾನು ಕೂರಲಿಲ್ಲ. ಅವರು ನನ್ನ ಮುಖ ನೋಡಿ ತಮಾಷೆ ಬಿಟ್ಟರು. "ಹಾಕೋರು ಹಾಕ್ತಾರೆ. ಆದ್ರೆ ಅದು ಹಾಕಿಸಿಕೊಂಡೋರ ಅಳತೆ ಅಲ್ಲ. ಹಾಕಿದವನ ಕಣ್ಣಿನ ಸುದ್ದಿ, ಅಷ್ಟೇ."

ರೈಲಿನಲ್ಲಿ ಮನೆಗೆ ಬರುವವರೆಗೂ ನನ್ನ ತಲೆಯಲ್ಲಿ ಅದೇ ಕುದಿಯಿತು. ಎಂಟಾಣೆಯ ಇಬ್ಬರು ಹುಡುಗಿಯರು ಸೇರಿದರೆ ಒಬ್ಬ ಹದಿನಾರಾಣೆ ಹುಡುಗಿ ಆಗುತ್ತಾಳೆಯೇ? ಈ ಪ್ರಶ್ನೆಯನ್ನು ಅವನ ಬಾಯಿಗೆ ತುರುಕಬೇಕು ಅನ್ನಿಸಿತು. ನಯಾಪೈಸೆಯ ಅವಾಂತರವೂ ಅರ್ಥವಾಯಿತು. ಹತ್ತು ಅನ್ನುವುದೇ ಸುಳ್ಳು, ಅದನ್ನು ಅರವತ್ತೆರಡೂವರೆ ಮಾಡಿ ಸುಳ್ಳಿಗೆ ಇಸ್ತ್ರಿ ಹಾಕಿದ್ದರು.

ಇನ್ನೊಂದು ದಿನ ಮೇಷ್ಟ್ರು ಕಾಲೇಜಿನ ಎದುರಿನ ಅಂಗಡಿಯಿಂದ ಖಾರ ಮಂಡಕ್ಕಿಯ ಒಂದು ದೊಡ್ಡ ಪೊಟ್ಟಣ ತಂದರು. ದಾವಣಗೆರೆಯಲ್ಲಿ ಮಂಡಕ್ಕಿ ಕಂಡರೆ ಯಾರಿಗೆ ಬೇಡ? ಒಬ್ಬೊಬ್ಬರೂ ಬಂದು ಮೇಲಿನಿಂದ ಒಂದೊಂದು ಚಿಟಿಕೆ ತಗೊಳ್ಳಿ ಅಂದರು. ತಗೊಂಡೆವು. "ಶೇಂಗಾ ಸಿಕ್ತಾ?" "ಇಲ್ಲ ಸಾರ್." "ಹಾಗಾದ್ರೆ ಈ ಪೊಟ್ಟಣದಲ್ಲಿ ಶೇಂಗಾ ಇಲ್ಲ ಅಂತ ಬರ್ಕೊಳ್ಳಲಾ?" ಅಂತ ಕೇಳಿ, ಪೊಟ್ಟಣವನ್ನು ಮೇಜಿನ ಮೇಲೆ ಬುಡಮೇಲು ಮಾಡಿದರು. ತಳದಲ್ಲಿದ್ದ ಶೇಂಗಾ, ಪುಟಾಣಿ ಎಲ್ಲ ಉರುಳಿ ಬಂದವು. ತೂಕದ್ದು ಕೆಳಗಿಳಿಯುತ್ತದೆ, ಹಗುರಾದದ್ದು ಮೇಲಿರುತ್ತದೆ. ಎಲ್ಲವನ್ನೂ ತಿನ್ನದೆ ರುಚಿ ಹೇಳಬೇಕಾದರೆ ಸ್ವಲ್ಪವನ್ನೇ ತೆಗೆದು ನೋಡಬೇಕು, ಅದು ಮಾದರಿ. ಆದರೆ ತಳದ ಶೇಂಗಾಕ್ಕೂ ಮೇಲಿನ ಮಂಡಕ್ಕಿಗೂ ನಿಮ್ಮ ಕೈಗೆ ಬರುವ ಅವಕಾಶ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಅದು ಮಾದರಿಯಲ್ಲ, ಮೋಸ ಅಂದರು.

"ಅನ್ನ ಬೆಂದದ್ದು ನೋಡೋಕೆ ಒಂದು ಅಗುಳು ಸಾಕು ಅಂತಾರಲ್ಲ ಸಾರ್?" ಅಂತ ಯಾರೋ ಕೇಳಿದರು.

"ಅದು ಒಳ್ಳೇ ಗಾದೆ. ಆದ್ರೆ ಒಂದೇ ಸಮ ಬೆಂದ ಅನ್ನಕ್ಕೆ ಹೇಳಿದ್ದು. ತಳ ಸೀದು ಮೇಲೆ ಅಕ್ಕಿ ಇರೋ ಪಾತ್ರೆಗೆ ಆ ಗಾದೆ ಹೇಳಿದ್ರೆ ಹೊಟ್ಟೆನೋವು ಬರುತ್ತೆ."

ನಾನು ಮಂಡಕ್ಕಿ ತಿನ್ನಲಿಲ್ಲ. ಹೊಸ ಸೀರೆಯಲ್ಲಿ ಬೆವರುತ್ತ, ತಲೆ ತಗ್ಗಿಸಿ, ತಟ್ಟೆ ಹಿಡಿದು ಬಂದು ಹೋದ ಅಕ್ಕನಿಂದ ಅವನು ತೆಗೆದುಕೊಂಡದ್ದು ಮೇಲಿನ ಒಂದು ಚಿಟಿಕೆ. ಅವಳ ನಗುವನ್ನು ಅವನು ಕೇಳಿರಲಿಲ್ಲ. ನನಗೆ ಈ ಶಾಸ್ತ್ರದ ಮೇಲೆ ಅಂಥ ಪ್ರೀತಿಯೇನೂ ಹುಟ್ಟಲಿಲ್ಲ, ನಿಜ ಹೇಳುತ್ತೇನೆ. ಕತ್ತಿ ಸಿಕ್ಕಿತು ಅನ್ನಿಸಿತು, ಅದಕ್ಕೇ ಓದಿದೆ.

ಅಕ್ಕ ಈ ನಡುವೆ ಮನೆಯಲ್ಲಿ ಕೂರಲಿಲ್ಲ. ಅಪ್ಪ ಬೇಡ ಅಂದರೂ ದಾದಿಯ ತರಬೇತಿಗೆ ಹೋದಳು, ದಾವಣಗೆರೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಹೆಣ್ಣು ಮಗು ಹುಟ್ಟಿದಾಗ ಹೊರಗೆ ಕಾದಿದ್ದವರು, "ಕೂಸು ಹೆಂಗೈತ್ರಿ ನರ್ಸಮ್ಮ, ಬಣ್ಣ ಐತಾ?" ಅಂತ ಕೇಳುತ್ತಿದ್ದರಂತೆ. ಅಕ್ಕ, "ಆರು ಪೌಂಡು ಐತೆ" ಅಂತಿದ್ದಳಂತೆ. ಮತ್ತೆ ಕೇಳಿದರೆ ಮತ್ತೆ ಅದೇ. ಇದನ್ನು ನನಗೆ ಹೇಳಿದ್ದು ಅವಳಲ್ಲ, ಅಲ್ಲಿನ ಆಯಾ. ಅಕ್ಕನ ಮದುವೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ನನಗೆ ಸರ್ಕಾರದ ಅಂಕಿಸಂಖ್ಯೆಯ ಇಲಾಖೆಯಲ್ಲಿ ಕೆಲಸವಾಯಿತು. ಕೆಲಸ ಏನು ಅಂತೀರಿ? ಬೆಳೆ ಕೊಯ್ದು ತೂಗುವುದು. ಕಣ್ಣಳತೆಯ ಆಣೆವಾರಿಯನ್ನು ನೆಚ್ಚಿಕೊಳ್ಳುವುದು ಬೇಡ ಅಂತ ಸರ್ಕಾರಕ್ಕೇ ಅನ್ನಿಸಿತ್ತು. ಹೊಲದಲ್ಲಿ ಎಲ್ಲೋ ಒಂದು ಕಡೆ ಹಗ್ಗ ಹಿಡಿದು ಚೌಕ ಗುರುತು ಮಾಡಿ, ಅದರೊಳಗಿನ ಬೆಳೆ ಮಾತ್ರ ಕೊಯ್ದು, ಬಡಿದು, ತೂಗಬೇಕು. ಚೌಕ ಎಲ್ಲಿ ಬೀಳಬೇಕು ಅನ್ನುವುದನ್ನು ಹೊಲದವನೂ ಹೇಳುವಂತಿಲ್ಲ, ನಾನೂ ಹೇಳುವಂತಿಲ್ಲ. ಇಲಾಖೆ ಒಂದು ಪುಸ್ತಕ ಕೊಟ್ಟಿತ್ತು. ಅದರ ತುಂಬ ತಲೆಬುಡವಿಲ್ಲದ ಅಂಕಿಗಳು. ಅದರಲ್ಲಿ ಬಂದ ಅಂಕಿಯಷ್ಟು ಹೆಜ್ಜೆ ಮೂಲೆಯಿಂದ ಉದ್ದಕ್ಕೆ, ಮುಂದಿನ ಅಂಕಿಯಷ್ಟು ಅಡ್ಡಕ್ಕೆ ನಡೆದು ನಿಲ್ಲಬೇಕು. ನಿಂತಲ್ಲೇ ಚೌಕ.

ಆ ವರ್ಷ ತಾಲ್ಲೂಕಿನಲ್ಲಿ ಜೋಳದ ಬೆಳೆ ಸ್ಪರ್ಧೆ ನಡೆಯಿತು. ಹೆಸರು ಕೊಟ್ಟವರಲ್ಲಿ ಹದಡಿಯಿಂದ ಆಚೆಗಿನ ಊರಿನ ಒಬ್ಬ ನಿವೃತ್ತ ಶೇಕದಾರನಿದ್ದ. ಅಕ್ಕನನ್ನು ನೋಡಲು ಬಂದ ದಿನ ಅವನು ತನ್ನದೆಂದು ಹೇಳಿಕೊಂಡಿದ್ದ ಊರೇ ಅದು, ನೋಡಿದ ಕೂಡಲೇ ಯಾರೆಂದು ನನಗೆ ತಿಳಿಯಿತು. ಆ ಕಡೆಗೆ ಹೋಗಬೇಕಾದವನು ನನ್ನ ಜೊತೆಯವನು. ಅವನಿಗೆ ಕೊಂಡಜ್ಜಿ ಕಡೆಯ ನನ್ನ ಹಳ್ಳಿಗಳನ್ನು ಕೊಟ್ಟೆ, ಜೊತೆಗೆ ಎರಡು ಪ್ಲೇಟು ಮೆಣಸಿನಕಾಯಿ ಬಜ್ಜಿ ತಿನ್ನಿಸಿದೆ. ನಾನೇ ಆ ಕಡೆ ಹೋಗುತ್ತೇನೆ ಅಂದೆ. ಎಷ್ಟು ವರ್ಷ ಹಲ್ಲು ಮಸೆದಿದ್ದೆನೋ, ಅವತ್ತು ಬಸ್ಸಿನಲ್ಲಿ ಕೂತವನಿಗೆ ಮದುವೆಗೆ ಹೊರಟಷ್ಟು ಖುಷಿ.

ಹೊಲ ರಸ್ತೆಯ ಪಕ್ಕಕ್ಕೇ ಇತ್ತು. ನೋಡಿ, ಬಹುಮಾನ ಇವನಿಗೇ ಹೋಯಿತಲ್ಲ ಅಂದುಕೊಂಡೆ. ಜೋಳ ಆಳೆತ್ತರ ನಿಂತಿದೆ, ತೆನೆ ಮುಷ್ಟಿಗೆ ಸಿಗುವುದಿಲ್ಲ. ಕೃಷಿ ಇಲಾಖೆಯ ಅಧಿಕಾರಿ, ಗ್ರಾಮಸೇವಕ, ಪಂಚಾಯ್ತಿಯವರು, ಊರಿನ ಅರ್ಧ ಜನ ಸೇರಿದ್ದರು. ಶೇಕದಾರ ಪೇಟ ಸುತ್ತಿ, ಕೊಡೆ ಹಿಡಿದು, ಹಳೆಯ ಗತ್ತಿನಲ್ಲೇ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು, ಗಂಟಲು ಅದೇ. ನನ್ನ ಗುರುತು ಅವನಿಗೆ ಹೇಗೆ ಸಿಗಬೇಕು, ಬಾಗಿಲ ಸಂದಿಯ ಹುಡುಗನನ್ನು ಯಾರು ನೋಡುತ್ತಾರೆ.

"ಬರ್ರಿ ಬರ್ರಿ. ಸುಮ್ನೆ ಯಾಕ ಒಳಗೆ ಹೊಕ್ಕು ಮೈ ಕೆರಕೋತೀರಿ? ನಲವತ್ತು ವರ್ಷ ಇದೇ ಕೆಲಸ ಮಾಡೀನಿ. ಇಲ್ಲಿಂದ್ಲೇ ಕಾಣ್ತೈತಲ್ಲ, ಹದಿನಾರಾಣೆ!" ಅಂದ.

"ಕಣ್ಣಲ್ಲೇ ಹೇಳೋ ವಿದ್ಯೆ ನನಗೆ ಬರಲ್ರಿ, ನಾನು ನಡೆದೇ ನೋಡ್ಬೇಕು" ಅಂದೆ.

ಪುಸ್ತಕ ತೆರೆದು ಅಂಕಿ ತೆಗೆದೆ, ಎಲ್ಲರಿಗೂ ತೋರಿಸಿದೆ, ಮೂಲೆಯಿಂದ ನಡೆದೆ. ಜನ ನನ್ನ ಹಿಂದೆ. ನಡೆಯುತ್ತ ನಡೆಯುತ್ತ ಜೋಳ ಇಳಿಯತೊಡಗಿತು. ಆಳೆತ್ತರದ್ದು ಎದೆಮಟ್ಟ ಆಯಿತು, ಎದೆಮಟ್ಟದ್ದು ಸೊಂಟಕ್ಕೆ ಬಂತು. ನಾನು ನಿಂತ ಜಾಗದಲ್ಲಿ ತೆನೆಗಳು ಹೆಬ್ಬೆರಳು ಗಾತ್ರ. ಗೊಬ್ಬರವನ್ನೆಲ್ಲ ರಸ್ತೆಬದಿಗೆ ಸುರಿದಿದ್ದ ಮಹಾರಾಯ! ಬೆಳೆ ನೋಡಲು ಬರುವ ಸಾಹೇಬರು ಜೀಪಿನಿಂದ ಇಳಿಯುವುದಿಲ್ಲ ಅನ್ನುವುದು ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಜನ್ಮವಿಡೀ ಅವನೂ ಬದು ಬಿಟ್ಟು ಹೊಲಕ್ಕೆ ಇಳಿದಿರಲಿಲ್ಲ.

"ಇಲ್ಲಿ ಬ್ಯಾಡ್ರಿ, ಇದು ತಗ್ಗು. ಅಲ್ಲಿ ಹಾಕ್ರಿ, ಅಲ್ಲಿ" ಅಂತ ಕೊಡೆಯಿಂದ ರಸ್ತೆಯ ಕಡೆ ತೋರಿಸಿದ. ಗಂಟಲಿನ ಗತ್ತು ಇಳಿದಿತ್ತು. "ಒಂದು ಮೂಲೆ ನೋಡಿ ಇಡೀ ಹೊಲದ ಮರ್ಯಾದಿ ತೆಗಿಬ್ಯಾಡ್ರಿ."

ಆ ಮಾತು ಅವನ ಬಾಯಿಂದಲೇ ಬಂತಲ್ಲ ಅಂತ ನನಗೆ ಒಳಗೊಳಗೇ ಕುಣಿಯುವ ಹಾಗಾಯಿತು. ಆದರೆ ನನ್ನ ದುರದೃಷ್ಟಕ್ಕೆ ಮಾತು ನ್ಯಾಯದ್ದು. ಒಂದೇ ಚೌಕ ನೋಡಿ ಹೊಲದ ತೀರ್ಮಾನ ಮಾಡಬಾರದು ಅನ್ನುವುದು ಇಲಾಖೆಯ ನಿಯಮವೂ ಹೌದು, ಮೇಷ್ಟ್ರು ಹೇಳಿಕೊಟ್ಟ ಪಾಠವೂ ಹೌದು. ಎರಡನೆಯ ಅಂಕಿ ತೆಗೆದೆ. ಅದು ಇನ್ನೂ ಹಾಳು ಜಾಗಕ್ಕೆ ಬೀಳಲಿ ಅಂತ ಮನಸ್ಸಿನಲ್ಲೇ ಹರಿಹರೇಶ್ವರನಿಗೆ ಹರಕೆ ಹೊತ್ತೆ. ಆ ಪುಸ್ತಕಕ್ಕೆ ಯಾರ ಹರಕೆಯೂ ತಾಗುವುದಿಲ್ಲ. ಚೌಕ ನಡು ಹೊಲದಲ್ಲಿ, ಸಾಧಾರಣ ಬೆಳೆಯ ಮೇಲೆ ಬಿತ್ತು. ಎರಡನ್ನೂ ಕೊಯ್ದೆವು, ತಾಡಪಾಲಿನ ಮೇಲೆ ಬಡಿದೆವು, ತೂರಿ, ತೂಗಿ, ಸರಾಸರಿ ತೆಗೆದೆವು. ಒಂದು ಕಾಳೂ ಆಚೀಚೆ ಮಾಡಲಿಲ್ಲ. ನನ್ನ ಸೇಡಿನ ಕೈ ಅವನ ಜೋಳಕ್ಕೆ ತಾಗಿತು ಅಂತ ನಾಳೆ ಯಾರೂ ಅನ್ನಬಾರದಿತ್ತು. ಫಲ ಸಾಧಾರಣ. ಬಹುಮಾನ ಬೇರೆಯವರ ಪಾಲಾಗುವುದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಹಾರ ತಂದಿದ್ದ ಅವನ ಕಡೆಯವನು ಅದನ್ನು ಮೆಲ್ಲಗೆ ಎಲೆಯಲ್ಲಿ ಸುತ್ತಿಟ್ಟ.

ನನಗೆ ಸಮಾಧಾನವಾಗಲಿಲ್ಲ. ಅವನನ್ನು ಸೋಲಿಸಿದ್ದು ಪುಸ್ತಕದ ಅಂಕಿ, ನಾನಲ್ಲ. ಇಷ್ಟು ವರ್ಷ ಸಿಟ್ಟು ಕಾಯ್ದಿಟ್ಟವನು ನಾನು. ತೂಕವನ್ನು ಕಿಲೋದಲ್ಲಿ ಬರೆದು ಸಹಿ ಹಾಕಿ ಆದ ಮೇಲೆ ಬದುವಿನ ಮೇಲೆ ಹತ್ತಿ ನಿಂತೆ. ಆಚೆ ಹೊಲದಲ್ಲಿದ್ದವರಿಗೂ ಕೇಳಲಿ ಅಂತಲೇ ಗಂಟಲು ಎತ್ತರಿಸಿದೆ.

"ಬೆಳೆ ಹತ್ತಾಣೆ ಐತೆ ನೋಡ್ರಿ!"

ಜನ ಗೊಳ್ಳೆಂದು ನಕ್ಕರು. ಊರಿಗೆಲ್ಲ ಆಣೆ ಹಾಕಿದವನಿಗೆ ಯಾರೋ ಎಳಸು ಹುಡುಗ ಆಣೆ ಹಾಕಿದನಲ್ಲ ಅನ್ನುವ ನಗು ಅದು. ಶೇಕದಾರ ಕೆಂಡವಾದ.

"ಏನಂದಿ?"

"ಹತ್ತಾಣೆ ಅಂದೆ. ಹರಿಹರದಾಗೆ, ಸ್ಟೇಷನ್ನಿನ ಹಿಂದಿನ ಓಣ್ಯಾಗೆ, ನೀವು ನಮ್ಮ ಅಕ್ಕನಿಗೆ ಅಂದಿದ್ರಲ್ಲ, ಅದೇ ಮಾತು. ಪಾಯಿಂಟ್ಸ್‌ಮನ್ನನ ಮಗಳು. ಕೇಸರಿಬಾತ್ ತಿಂದಿದ್ರಿ. ಇಷ್ಟು ಜನರ ಮುಂದೆ ಆ ಮಾತು ವಾಪಸ್ ತಗೊಳ್ರಿ."

ಅವನು ನನ್ನನ್ನು ನೋಡಿದ. ಸಿಟ್ಟು ಹೋಗಿ ಮುಖದಲ್ಲಿ ಏನೋ ಹುಡುಕುವ ಕಳೆ ಬಂತು. ನಾಟಕವಾಗಿದ್ದರೆ ನಾನು ಸಹಿಸುತ್ತಿದ್ದೆ. ಅವನು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದ.

"ನಮ್ಮ ಹುಡುಗರಿಗೆ ಎಷ್ಟೋ ಕಡೆ ಹೆಣ್ಣು ನೋಡೀನಪ್ಪ. ಹರಿಹರದಾಗೆ ಯಾವ ಮನೆ ಅಂತ ಹೇಳ್ಲಿ? ನೆನಪೇ ಇಲ್ಲದ ಮಾತು ಹೆಂಗೆ ವಾಪಸ್ ತಗೊಳ್ಳಲಿ?"

ಅಂದು ಕೊಡೆ ಬಿಚ್ಚಿಕೊಂಡು ಮನೆಯ ಕಡೆ ನಡೆದ. ಬೆನ್ನು ಬಾಗಿತ್ತು. ಮುದುಕರಾದವರು ಬಾಗುತ್ತಾರೆ, ನನಗೆ ಅಯ್ಯೋ ಅನ್ನಿಸಲಿಲ್ಲ. ಅವನ ತಲೆಯಲ್ಲಿ ಒಂದು ಗಳಿಗೆಯೂ ನಿಲ್ಲದ ಮಾತು ನಮ್ಮ ಮನೆಯಲ್ಲಿ ಇಷ್ಟು ವರ್ಷ ಕೂತು ಉಂಡಿತ್ತು. ಗ್ರಾಮಸೇವಕ ನನ್ನ ತೋಳು ಹಿಡಿದು, "ಸಾಕು ಬರ್ರಿ ಸಾರ್" ಅಂತ ಎಳೆದುಕೊಂಡು ಹೋಗದಿದ್ದರೆ ನಾನು ಅವತ್ತು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಒಂದೆರಡು ತಿಂಗಳಾದ ಮೇಲೆ ಅದೇ ಗ್ರಾಮಸೇವಕ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಆ ಊರಲ್ಲೀಗ ಶೇಕದಾರನ ಹೊಲವನ್ನು ಎಲ್ಲರೂ ಹತ್ತಾಣೆ ಹೊಲ ಅಂತಲೇ ಕರೆಯುತ್ತಾರೆ ಅಂದ. ದನ ಕಾಯುವವರು, ಕೂಲಿಯವರು, ಕೊನೆಗೆ ಅವನ ಮೊಮ್ಮಕ್ಕಳೂ ಹಾಗೇ ಅನ್ನುತ್ತಾರಂತೆ. ಯಾರಾದರೂ ಹಾಗಂದರೆ ಮುದುಕ ಕೋಲು ತಗೊಂಡು ಏಳುತ್ತಾನಂತೆ. ನಾನು ಅಲ್ಲೇ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಆ ನಗುವಿನ ರುಚಿ ಈಗಲೂ ನನ್ನ ನಾಲಗೆಯ ಮೇಲಿದೆ, ಸುಳ್ಳು ಯಾಕೆ ಹೇಳಲಿ.

ಬಸ್ಸು ಬಿಟ್ಟು ನೆಟ್ಟಗೆ ಅಕ್ಕನ ಆಸ್ಪತ್ರೆಗೆ ಹೋದೆ. ಅವಳ ಪಾಳಿ ಆಗಷ್ಟೇ ಮುಗಿದಿತ್ತು, ಹಿತ್ತಲಿನ ಹಗ್ಗದ ಮೇಲೆ ಒಣಗಿದ್ದ ಕೂಸುಗಳ ಬಟ್ಟೆ ತೆಗೆದು ಮಡಿಸುತ್ತಿದ್ದಳು. ಹೊಲಕ್ಕೆ ಹೋದದ್ದನ್ನು ಅದುವರೆಗೆ ನಾನು ಅವಳಿಗೆ ಹೇಳಿರಲಿಲ್ಲ, ಅವನ ಬಾಯಿಂದ ಮಾತು ವಾಪಸು ತರದೆ ಏನಂತ ಹೇಳುವುದು? ಈಗ ಎಲ್ಲ ಹೇಳಿದೆ. ರಸ್ತೆಬದಿಯ ಗೊಬ್ಬರ, ಬದುವಿನ ಮೇಲೆ ನಿಂತು ನಾನು ಕೂಗಿದ್ದು, ಜನ ನಕ್ಕದ್ದು, ಕೋಲು ಹಿಡಿದು ಏಳುವ ಮುದುಕ, ಒಂದನ್ನೂ ಬಿಡಲಿಲ್ಲ. ಅವಳ ಆ ಹಳೆಯ ನಗು ಈಗ ಬರುತ್ತದೆ, ಆಸ್ಪತ್ರೆಯ ಕಾಂಪೌಂಡಿನ ಆಚೆಗೂ ಕೇಳಿಸುತ್ತದೆ ಅಂತ ಕಾಯುತ್ತ ಹೇಳಿದೆ.

ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಅವರಿಗೆ ನನ್ನ ನೆನಪು ಇತ್ತೇನೋ?"

ಸುಳ್ಳು ಹೇಳಬಹುದಿತ್ತು. "ಇಲ್ಲ" ಅಂದೆ. ಅವಳು ಇನ್ನೊಂದು ಬಟ್ಟೆ ಎಳೆದುಕೊಂಡಳು. ನಾನು ಆ "ಇಲ್ಲ"ವನ್ನು ಮುಚ್ಚಲು ಮತ್ತೆ ಹೊಲದ ಸುದ್ದಿಗೇ ಬಂದೆ. ಇನ್ನು ಅವನು ಸತ್ತ ಮೇಲೂ ಆ ಹೊಲಕ್ಕೆ ಅದೇ ಹೆಸರು ಕಣೇ, ಮಾರಿದರೂ ಹೋಗಲ್ಲ, ಹತ್ತಾಣೆ ಹೊಲ ಅಂದರೆ ಹತ್ತಾಣೆ ಹೊಲವೇ ಅಂದೆ.

"ಹೊಲಕ್ಕೆ ಅದು ಕೇಳಿಸ್ತೈತೇನೋ?" ಅಂದಳು.

ಎಂಥ ಮಾತು ಆಡುತ್ತಾಳೆ ಅಂತ ನಾನು ನಕ್ಕುಬಿಟ್ಟೆ. "ಹೊಲಕ್ಕೆ ಏನು ಕೇಳಿಸ್ತೈತೆ ಅಕ್ಕಾ?"

"ಹೌದಲ್ಲ," ಅಂದಳು ಅಕ್ಕ, "ನನಗೆ ಕೇಳಿಸ್ತಿತ್ತು."